ಮಳೆ ಲೆಕ್ಕ, ಸಾಮಾನಿನ ಚೀಟಿ: ನಮ್ಮನೆ ಪುಸ್ತಕ ಕಟ್ಟಿದ್ದು

ನಮ್ಮನೆಯಲ್ಲಿ ಒಟ್ಟು ಏಳು ಆಲ್ಬಮ್ ಇವೆ. ಮೂರು ಮದುವೆಯದ್ದು, ಎರಡು ಉಪನಯನದ್ದು, ಒಂದು ಗೃಹಪ್ರವೇಶದ್ದು. ಇನ್ನೊಂದರಲ್ಲಿ ಅಲ್ಲಿ ಇಲ್ಲಿ ಉಳಿದ ಫೋಟೊಗಳು. ಏಳನ್ನೂ ಹುಡುಕಿದೆ. ಬಚ್ಚಲುಮನೆಯ ಹಂಡೆ ಒಂದರಲ್ಲೂ ಇಲ್ಲ. ಅಪ್ಪಯ್ಯ ಕೂತು ಕವಳ (ಎಲೆಯಡಿಕೆ) ಹಾಕುತ್ತಿದ್ದ ಜಗಲಿಯ ಮೂಲೆ ಇಲ್ಲ. ಅಮ್ಮ ಸೆರಗು ಸಿಕ್ಕಿಸಿಕೊಂಡು ದೋಸೆ ಹೊಯ್ಯುವ ಫೋಟೊ ಒಂದೂ ಇಲ್ಲ. ಮೂವತ್ತು ವರ್ಷ ದಿನಾ ಕಂಡದ್ದು ಯಾವುದೂ ಇಲ್ಲ, ಒಂದು ದಿನ ಹಾಕಿದ ಚಪ್ಪರ ಮಾತ್ರ ಎಲ್ಲ ಕಡೆಯಿಂದಲೂ ಇದೆ.

ಹಾಗಾಗಿ ಈ ಮಳೆಗಾಲ ಸಾಗರದ ಹತ್ತಿರದ ನಮ್ಮೂರಿನಲ್ಲಿ ಅಮ್ಮನ ಜೊತೆ ಇದ್ದಾಗ ಒಂದು ಸ್ಕ್ರಾಪ್‌ಬುಕ್ ಕಟ್ಟಿದೆ. ಶಾಲೆಯಲ್ಲಿ ಸ್ಕ್ರಾಪ್‌ಬುಕ್ ಅಂದರೆ ಅಂಗಡಿಯಿಂದ ಚಿತ್ರದ ಹಾಳೆ ತಂದು ಕತ್ತರಿಸಿ ಅಂಟಿಸೋದು ಅಲ್ವಾ? ಇದು ಹಾಗಲ್ಲ. ಮನೆಯಲ್ಲೇ ಇದ್ದ ಚೀಟಿ, ಟಿಕೆಟ್, ಪತ್ರ, ಫೋಟೊ, ಮಾತು ಇಷ್ಟನ್ನೇ ಹಾಕಿ ಕಟ್ಟಿದ್ದು. ಮಲೆನಾಡಿನ ಮಳೆಯಲ್ಲಿ ಕಾಗದದ ಕೆಲಸ ಮಾಡುವವರಿಗೆ ಉಪಯೋಗ ಆಗಬಹುದು ಅಂತ ಎಲ್ಲ ಬರೆದಿಡುತ್ತಿದ್ದೇನೆ, ಕೆಟ್ಟದ್ದನ್ನೂ ಸೇರಿಸಿ.

ಜೂನ್ ಎರಡನೇ ವಾರ: ಅಟ್ಟದಿಂದ ಇಳಿಸಿದ್ದು

ಅಟ್ಟದ ಮೇಲೆ ಒಂದು ಕಬ್ಬಿಣದ ಟ್ರಂಕು. ಅದರೊಳಗೆ ಅಪ್ಪಯ್ಯನ ನೋಟ್‌ಬುಕ್‌ಗಳು. 1987ರಿಂದ 2018ರ ತನಕ. ಶಾಲೆ ಮಕ್ಕಳ 200 ಪುಟದ ಪುಸ್ತಕಗಳೇ. ಡೈರಿ ಅಂತ ಅವರು ಯಾವತ್ತೂ ಹೇಳಲಿಲ್ಲ, 'ಲೆಕ್ಕ' ಅನ್ನುತ್ತಿದ್ದರು. ದಿನಕ್ಕೆ ಎರಡು ಸಾಲು. 'ಮಳೆ ಜೋರು. ಆಳು 3. ಕೊಳೆ ಔಷಧಿ ಎರಡನೇ ಸಲ ಮುಗಿಯಿತು.' 'ಕೆಂಪಿ ಕರು ಹಾಕಿತು. ಹೆಣ್ಣು.' 'ಪೇಟೆಗೆ ಹೋಗಿ ಬಂದೆ. ಮಗಳಿಗೆ ಕೊಡೆ.' ಆ ಕೊಡೆ ನನಗೆ ನೆನಪಿದೆ. ನೀಲಿ ಬಣ್ಣದ್ದು, ಹಿಡಿಯಲ್ಲಿ ಸೀಟಿ ಇತ್ತು. ತಂದ ದಿನ ಯಾವುದು ಅಂತ ಈಗ ಗೊತ್ತಾಯಿತು.

ಕೆಲವು ಪುಟಗಳ ಮೂಲೆಯಲ್ಲಿ ತಿಳಿನೀಲಿ ಕಲೆ ಇದೆ. ಮೊದಲು ಬೂಷ್ಟು ಅಂದುಕೊಂಡೆ. ಬೆಳಕಿಗೆ ಹಿಡಿದು ನೋಡಿದರೆ ಹೆಬ್ಬೆರಳಿನ ಗೆರೆಗಳು. ಬೋರ್ಡೋ ದ್ರಾವಣ. ಅಡಿಕೆಗೆ ಕೊಳೆ ರೋಗ ಬರದ ಹಾಗೆ ಹೊಡೆಯುವುದು. ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ (ತಾಮ್ರದ ಸಲ್ಫೇಟ್), ಒಂದು ಕೆಜಿ ಸುಣ್ಣ. ತೋಟದಿಂದ ಬಂದು ಕೈ ಸರಿಯಾಗಿ ತೊಳೆಯುವ ಮೊದಲೇ ಲೆಕ್ಕ ಬರೆದಿದ್ದಾರೆ. ಆ ಕಲೆ ಇರುವ ಪುಟಗಳೆಲ್ಲ ಜೂನ್, ಜುಲೈ, ಆಗಸ್ಟ್ ತಿಂಗಳವೇ.

ಅದನ್ನು ನೋಡಿದ ಮೇಲೆ ಪುಸ್ತಕದ ಅಳತೆ, ಕಾಗದ, ಅಂಟು ಎಲ್ಲವನ್ನೂ ಆ ಹೆಬ್ಬೆರಳು ಉಳಿಯುವ ಹಾಗೆ ಮಾಡಬೇಕು ಅಂತ ತೀರ್ಮಾನಿಸಿದೆ.

ನೋಟ್‌ಬುಕ್ ಒಂದನ್ನೂ ಕತ್ತರಿಸಲಿಲ್ಲ. ಬೇಕಾದ ಪುಟಗಳಿಗೆ ಕಲರ್ ಜೆರಾಕ್ಸ್ ಮಾಡಿಸಿದೆ. ಹೊಲಿಗೆ ಬಿಟ್ಟು ತಾನೇ ಕಳಚಿ ಬಂದಿದ್ದ ಒಂದು ಹಾಳೆಯನ್ನು ಮಾತ್ರ ಮೂಲವಾಗಿಯೇ ಸೇರಿಸಿದೆ. ಅದು ಹೇಗೆ ಅಂತ ಮುಂದೆ ಹೇಳುತ್ತೇನೆ.

ಆಲ್ಬಮ್‌ನಿಂದ ಫೋಟೊ ಬಿಡಿಸಿದ್ದು

ಎಂಬತ್ತು ತೊಂಬತ್ತರ ದಶಕದಲ್ಲಿ ಎಲ್ಲರ ಮನೆಗೂ ಬಂದ 'ಮ್ಯಾಗ್ನೆಟಿಕ್' ಆಲ್ಬಮ್ ಗೊತ್ತಲ್ಲ? ಅದರಲ್ಲಿ ಮ್ಯಾಗ್ನೆಟ್ ಏನೂ ಇಲ್ಲ. ದಪ್ಪ ರಟ್ಟಿನ ಮೇಲೆ ಅಂಟಿನ ಗೆರೆಗಳು, ಮೇಲೊಂದು ಪ್ಲಾಸ್ಟಿಕ್ ಹಾಳೆ. ಆ ಅಂಟು ಹಳದಿಯಾಗಿ ಫೋಟೊದ ಬೆನ್ನಿಗೆ ಗಟ್ಟಿಯಾಗಿ ಕಚ್ಚಿಕೊಳ್ಳುತ್ತದೆ. ರಟ್ಟಿನ ಆಮ್ಲ ಒಂದು ಕಡೆಯಿಂದ, ಪ್ಲಾಸ್ಟಿಕ್ಕಿನ ವಾಸನೆ ಇನ್ನೊಂದು ಕಡೆಯಿಂದ. ಫೋಟೊ ಮಧ್ಯೆ ಸಿಕ್ಕಿಕೊಂಡಿರುತ್ತದೆ.

ಮೊದಲ ಫೋಟೊವನ್ನು ತೆಳು ಚಾಕು ಹಾಕಿ ಎಬ್ಬಿಸಲು ಹೋದೆ. ಮೂಲೆ ಮಡಿಚಿತು. ಮೇಲಿನ ಪದರದಲ್ಲಿ ಬಿಳಿ ಬಿರುಕು ಬಂತು. ಅದು ನಮ್ಮ ಕೊಟ್ಟಿಗೆಯ ಮುಂದೆ ಚಿಕ್ಕಮ್ಮ ನಿಂತಿದ್ದ ಫೋಟೊ, ಇರುವುದು ಅದೊಂದೇ. ಆ ದಿನ ಮತ್ತೆ ಕೈ ಹಾಕಲಿಲ್ಲ.

ಮಾರನೇ ದಿನ ಡೆಂಟಲ್ ಫ್ಲಾಸ್ ತಂದೆ. ಹಲ್ಲಿನ ಸಂದಿ ತಿಕ್ಕುವ ದಾರ. ಒಂದು ಮೊಳ ತುಂಡು ಮಾಡಿ ಎರಡೂ ಬೆರಳಿಗೆ ಸುತ್ತಿಕೊಂಡು, ಫೋಟೊದ ಒಂದು ಮೂಲೆಯ ಹಿಂದೆ ಸೇರಿಸಿ, ಗರಗಸದ ಹಾಗೆ ಆಚೆ ಈಚೆ ಎಳೆಯುತ್ತಾ ಹೋಗಬೇಕು. ದಾರ ರಟ್ಟಿನ ಕಡೆಗೇ ಒತ್ತಿಕೊಂಡಿರಬೇಕು, ಫೋಟೊ ಕಡೆಗಲ್ಲ. ಒಂದು ಫೋಟೊಗೆ ಐದು ನಿಮಿಷ. ಬಗ್ಗದೇ ಇದ್ದವಕ್ಕೆ ಆಲ್ಬಮ್ ಹಾಳೆಯ ಹಿಂಬದಿಗೆ ಹೇರ್ ಡ್ರೈಯರ್ ಸಣ್ಣ ಬಿಸಿಯಲ್ಲಿ ಸ್ವಲ್ಪ ಹಿಡಿದೆ. ಅಂಟು ಮೆತ್ತಗಾಗುತ್ತದೆ. ಜಾಸ್ತಿ ಬಿಸಿ ಮಾಡಿದರೆ ಫೋಟೊ ಸುರುಟಿಕೊಳ್ಳುತ್ತದೆ. ಹೀಗೆ 38 ಫೋಟೊ ಸುಖವಾಗಿ ಬಂದವು.

ನಾಲ್ಕು ಬರಲಿಲ್ಲ. ಅವು ಮೇಲಿನ ಪ್ಲಾಸ್ಟಿಕ್ಕಿಗೇ ಅಂಟಿಕೊಂಡಿದ್ದವು. ಫೋಟೊದ ಮೇಲ್ಪದರ ಜೆಲಾಟಿನ್. ತೇವ ಕುಡಿದರೆ ಮೆತ್ತಗಾಗಿ ಮೇಲಿರುವುದಕ್ಕೆ ಅಂಟುತ್ತದೆ. ಅದನ್ನು ಎಳೆದರೆ ಮುಖವೇ ಪ್ಲಾಸ್ಟಿಕ್ಕಿನ ಜೊತೆ ಹೋಗುತ್ತದೆ. ಅವನ್ನು ಇದ್ದ ಹಾಗೇ ಬಿಟ್ಟು, ಫೋನಿನಲ್ಲಿ ಫೋಟೊ ತೆಗೆದು ಪ್ರಿಂಟ್ ಹಾಕಿಸಿದೆ. ಇದಕ್ಕೆ ನಮ್ಮ ಮಳೆಗಾಲದ ಬೆಳಕು ತುಂಬ ಒಳ್ಳೆಯದು. ಮೋಡದ ದಿನ ಕಿಟಕಿಯ ಹತ್ತಿರ ಇಟ್ಟು ತೆಗೆದರೆ ಹೊಳಪು ಹೊಡೆಯುವುದಿಲ್ಲ. ಫ್ಲಾಶ್ ಬೇಡವೇ ಬೇಡ. ಬಿಡಿಸಿದ ಸಣ್ಣ ಫೋಟೊಗಳನ್ನು ಪೇಟೆಯಲ್ಲಿ 600 ಡಿಪಿಐಗೆ ಸ್ಕ್ಯಾನ್ ಮಾಡಿಸಿದೆ.

ಲ್ಯಾಮಿನೇಶನ್ ಮಾಡಿಸಿ ಕೆಟ್ಟದ್ದು

ಇದನ್ನು ಎಲ್ಲರೂ ಓದಲಿ ಅಂತ ಬೇರೆಯಾಗಿ ಬರೆಯುತ್ತಿದ್ದೇನೆ. ಅಮ್ಮ ಮೊದಲ ಸಲ ಒಬ್ಬಳೇ ಬಸ್ಸಿನಲ್ಲಿ ಬೆಂಗಳೂರಿಗೆ ಬಂದಳಲ್ಲ, ಆ ಟಿಕೆಟ್ ನನ್ನ ಪರ್ಸಿನಲ್ಲಿತ್ತು. ಕಂಡಕ್ಟರ್ ಮೆಷಿನ್ನಿನಿಂದ ಹರಿದುಕೊಡುವ ಚೀಟಿ. ಅಕ್ಷರ ಮಾಸುತ್ತಿದೆ, ಉಳಿಸೋಣ ಅಂತ ಲ್ಯಾಮಿನೇಶನ್‌ಗೆ ಕೊಟ್ಟೆ. ಮೆಷಿನ್ನಿನ ಒಂದು ಕಡೆಯಿಂದ ಬಿಳಿ ಚೀಟಿ ಹೋಯಿತು, ಇನ್ನೊಂದು ಕಡೆಯಿಂದ ಪೂರ್ತಿ ಕಪ್ಪಾಗಿ ಬಂತು. ಒಂದು ಅಕ್ಷರವೂ ಇಲ್ಲ.

ಆ ಚೀಟಿಗಳಿಗೆ ಇಂಕೇ ಇರುವುದಿಲ್ಲ. ಅದು ಥರ್ಮಲ್ ಕಾಗದ. ಬಿಸಿ ತಾಗಿದ ಕಡೆ ಕಪ್ಪಾಗುತ್ತದೆ, ಅದೇ ಅಕ್ಷರ. ಲ್ಯಾಮಿನೇಶನ್ ಮೆಷಿನ್ ಇಡೀ ಚೀಟಿಗೆ ಬಿಸಿ ಕೊಡುತ್ತದೆ. ಅಂಗಡಿಯ ಬಿಲ್ಲು, ಎಟಿಎಂ ಚೀಟಿ, ಬಸ್ ಟಿಕೆಟ್ ಎಲ್ಲ ಬಹುತೇಕ ಹೀಗೇ. ಸುಮ್ನೆ ಬಿಟ್ಟರೂ ಕೆಲವು ವರ್ಷದಲ್ಲಿ ಮಾಸಿ ಬಿಳಿಯಾಗುತ್ತವೆ. ಇಡಬೇಕು ಅನಿಸಿದ ದಿನವೇ ಸಾದಾ ಜೆರಾಕ್ಸ್ ಮಾಡಿಸಿಬಿಡಿ. ಜೆರಾಕ್ಸಿನ ಕಪ್ಪು ಇಂಗಾಲದ್ದು, ಬೇಗ ಮಾಸುವುದಿಲ್ಲ.

ಅಮ್ಮನಿಗೆ ಹೇಳಿದರೆ, "ಅಯ್ಯೋ ಹೋಗ್ಲಿ ಬಿಡು, ನಾನು ಬಂದಿದ್ದು ಸುಳ್ಳಾಗ್ತದಾ?" ಅಂದಳು. ಆ ಮಾತನ್ನೇ ತಾರೀಖು ಹಾಕಿ ಬರೆದು, ಕಪ್ಪು ಟಿಕೆಟ್ಟಿನ ಪಕ್ಕ ಇಟ್ಟಿದ್ದೇನೆ.

ಕಾಗದ ಮತ್ತು ಕಟ್ಟು

ಬೆಂಗಳೂರಿನಿಂದ ತರಿಸಿದ ಹತ್ತಿ ಚಿಂದಿಯ ಕೈಕಾಗದ, 22 × 30 ಇಂಚಿನ ದೊಡ್ಡ ಹಾಳೆಗಳು. ಅಂಗಡಿಯ ಕಪ್ಪು ಚಾರ್ಟ್ ಹಾಳೆ ಅಗ್ಗ, ನೋಡಲು ಚಂದ. ಆದರೆ ಮರದ ತಿರುಳಿನ ಅಗ್ಗದ ಕಾಗದದಲ್ಲಿ ಲಿಗ್ನಿನ್ ಇರುತ್ತದೆ. ಪೇಪರಿನ ತುಣುಕು ಬಿಸಿಲಿಗೆ ಬಿದ್ದು ಹಳದಿಯಾಗುತ್ತದಲ್ಲ, ಅದಕ್ಕೆ ಅದೇ ಕಾರಣ. ತಾನು ಹಾಳಾಗುವುದಲ್ಲದೆ ಪಕ್ಕದ್ದನ್ನೂ ಹಾಳು ಮಾಡುತ್ತದೆ. ಹತ್ತಿಯಲ್ಲಿ ಆ ತಂಟೆ ಇಲ್ಲ.

ಒಂದು ದೊಡ್ಡ ಹಾಳೆಯಿಂದ 10 ಇಂಚು ಅಗಲ, 11 ಇಂಚು ಎತ್ತರದ ಆರು ಹಾಳೆ ಬರುತ್ತವೆ. ಐದರಿಂದ ಮೂವತ್ತು. ಆರನೇ ದೊಡ್ಡ ಹಾಳೆಯನ್ನು ಒಂದು ಇಂಚು ಅಗಲ, 11 ಇಂಚು ಉದ್ದದ ಪಟ್ಟಿಗಳಾಗಿ ಕತ್ತರಿಸಿದೆ. ಸರಿಯಾಗಿ ಅರವತ್ತು ಪಟ್ಟಿ ಬಂತು, ಚೂರೂ ಉಳಿಯಲಿಲ್ಲ. ಪ್ರತಿ ಹಾಳೆಯ ನಡುವೆ, ಬೆನ್ನಿನ ಕಡೆ, ಅಂದರೆ ಹೊಲಿಗೆ ಬರುವ ಅಂಚಿನಲ್ಲಿ, ಎರಡೆರಡು ಪಟ್ಟಿ ಇಡಬೇಕು. ಇದನ್ನು ಬಿಟ್ಟರೆ ಪುಸ್ತಕ ಕೆಡುತ್ತದೆ. ಅಂಟಿಸುತ್ತಾ ಹೋದ ಹಾಗೆ ಬಾಯಿ ಕಡೆ ದಪ್ಪವಾಗಿ, ಬೆನ್ನು ಸಣ್ಣದಾಗಿ ಉಳಿದು, ಪುಸ್ತಕ ಕಪ್ಪೆ ಬಾಯಿ ತೆರೆದ ಹಾಗೆ ನಿಲ್ಲುತ್ತದೆ. ಪಟ್ಟಿ ಇದ್ದರೆ ಅಂಟಿಸಿದ್ದಕ್ಕೆ ಜಾಗ ಸಿಗುತ್ತದೆ.

ಬೆನ್ನಿನಿಂದ ಒಂದೂಕಾಲು ಇಂಚಿಗೆ ಪ್ರತಿ ಹಾಳೆಗೂ ಗೀರು ಹಾಕಿದೆ. ಅಡಿಪಟ್ಟಿ ಇಟ್ಟು ಸ್ಟೀಲ್ ಚಮಚದ ಹಿಡಿಯ ತುದಿಯಿಂದ ಒತ್ತಿ ಎಳೆದರೆ ಸಾಕು. ದಪ್ಪ ಕಾಗದ ಅಲ್ಲೇ ಬಗ್ಗುತ್ತದೆ.

ಅಂಟು, ಮತ್ತೆ ಮೈಲುತುತ್ತ

ಒಂದು ಚಮಚ ಮೈದಾ, ಐದು ಚಮಚ ನೀರು. ಗಂಟಾಗದ ಹಾಗೆ ಕಲೆಸಿ ಸಣ್ಣ ಉರಿಯಲ್ಲಿ ಕೈಯಾಡಿಸುತ್ತಾ ಬೇಯಿಸಿದರೆ ಬೆಳ್ಳಗಿದ್ದದ್ದು ಗಟ್ಟಿಯಾಗಿ ಅರೆಪಾರದರ್ಶಕ ಆಗುತ್ತದೆ. ಆಮೇಲೆ ಬಟ್ಟೆಯಲ್ಲಿ ಸೋಸಬೇಕು. ಮಳೆಗಾಲದಲ್ಲಿ ಎರಡನೇ ದಿನಕ್ಕೆ ಹುಳಿ ವಾಸನೆ ಬರುತ್ತದೆ, ಹಾಗಾಗಿ ದಿನಾ ಬೇಕಾದಷ್ಟೇ.

ಹಳೆಯ ಬೈಂಡರ್‌ಗಳು ಇದಕ್ಕೆ ಚಿಟಿಕೆ ಮೈಲುತುತ್ತ ಹಾಕುತ್ತಿದ್ದರು, ಹುಳ ತಿನ್ನಬಾರದು ಅಂತ. ನಮ್ಮನೆ ಕೊಟ್ಟಿಗೆಯ ಮಾಡದಲ್ಲಿ ಡಬ್ಬಿ ತುಂಬ ಅದೇ ಇದೆ. ಹಾಕಲಿಲ್ಲ. ಅದು ವಿಷ, ಈ ಪುಸ್ತಕವನ್ನು ಅಣ್ಣನ ಸಣ್ಣ ಮಗಳು ಮುಟ್ಟುವವಳು. ಎರಡನೆಯದು, ತಾಮ್ರ ಇದ್ದರೆ ಕಾಗದ ಬೇಗ ಮುರುಕಾಗುತ್ತದೆ. ಹುಳಕ್ಕೆ ಮದ್ದು ಅಂತ ಹಾಕಿದ್ದು ಕಾಗದವನ್ನೇ ತಿಂದರೆ ಏನು ಬಂತು?

ಹೀಗಿರುವಾಗ ಅಪ್ಪಯ್ಯನ ಹೆಬ್ಬೆರಳಿನ ಕಲೆಯೂ ತಾಮ್ರವೇ ಅಲ್ವಾ? ಅದಕ್ಕೇ ಆ ಹಾಳೆಯನ್ನು ಅಂಟಿಸಲಿಲ್ಲ. ಕೈಕಾಗದದಲ್ಲಿ ಒಂದು ಲಕೋಟೆ ಮಡಿಚಿ, ಲಕೋಟೆಯ ಮೂರು ಅಂಚನ್ನು ಮಾತ್ರ ಪುಟಕ್ಕೆ ಅಂಟಿಸಿ, ಒಳಗೆ ಹಾಳೆಯ ಎರಡೂ ಕಡೆ ಸಾದಾ ಬಿಳಿ ಕೈಕಾಗದ ಇಟ್ಟಿದ್ದೇನೆ. ಕಲೆ ಬೇರೆ ಪುಟಕ್ಕೆ ತಾಗುವುದಿಲ್ಲ. ಬೇಕಾದವರು ಹೊರಗೆ ತೆಗೆದು ಕಿಟಕಿಗೆ ಹಿಡಿದು ಗೆರೆ ನೋಡಬಹುದು. ನಾನೇ ಎಷ್ಟು ಸಲ ತೆಗೆದಿದ್ದೇನೋ.

ಫೋಟೊಗಳಿಗೂ ಅಂಟು ಮುಟ್ಟಿಸಲಿಲ್ಲ. ಕಾಗದದ ಮೂಲೆಗಳನ್ನು ಮಡಿಚಿದೆ. ಒಂದು ಇಂಚು ಅಗಲ, ಎರಡೂವರೆ ಇಂಚು ಉದ್ದದ ಪಟ್ಟಿ. ನಡುವಿನಿಂದ ಎರಡೂ ತುದಿಯನ್ನು ಕೆಳಕ್ಕೆ ಮಡಿಚಿದರೆ ಮನೆಯ ಮಾಡಿನ ಹಾಗೆ ಚೂಪಾಗುತ್ತದೆ. ಕೆಳಗೆ ಜೋತುಬಿದ್ದ ಬಾಲಗಳನ್ನು ಕತ್ತರಿಸಿದರೆ ಒಂದು ಸಣ್ಣ ತ್ರಿಕೋನದ ಚೀಲ. ಅದನ್ನು ಫೋಟೊದ ಮೂಲೆಗೆ ತೊಡಿಸಿ, ಸೀಳು ಇರುವ ಬದಿಗೆ ಅಂಟು ಹಚ್ಚಿ ಪುಟಕ್ಕೆ ಒತ್ತಬೇಕು. ನಾಲ್ಕು ಮೂಲೆಗೂ ಹಾಗೇ. ಫೋಟೊ ಗಟ್ಟಿಯಾಗಿ ಕೂರುತ್ತದೆ, ಬೇಕೆಂದಾಗ ಬಗ್ಗಿಸಿ ತೆಗೆಯಲೂ ಬರುತ್ತದೆ. ಮೊದಲ ದಿನ ಮೂವತ್ತು ಮೂಲೆ ಮಡಿಚುವಷ್ಟರಲ್ಲಿ ಕೈ ಸೋತಿತು. ಆಮೇಲೆ ಸಂಜೆ ಕರೆಂಟ್ ಹೋದಾಗ ಅಮ್ಮನೂ ಮಡಿಚಲು ಕೂತಳು. ಹೂ ಕಟ್ಟಿ ಪಳಗಿದ ಬೆರಳು, ನನಗಿಂತ ಬೇಗ ಮಡಿಚುತ್ತಾಳೆ.

ಪುಟಗಳಲ್ಲಿ ಏನಿದೆ

ವರ್ಷದ ಲೆಕ್ಕದಲ್ಲಿ ಜೋಡಿಸಲು ಹೊರಟೆ, ಚೆನ್ನಾಗಿ ಬರಲಿಲ್ಲ. ಕೊನೆಗೆ ಮನೆಯ ಜಾಗಗಳ ಪ್ರಕಾರ ಜೋಡಿಸಿದೆ. ಜಗಲಿ, ಅಡುಗೆಮನೆ, ಬಚ್ಚಲು, ಕೊಟ್ಟಿಗೆ, ಅಂಗಳ, ತೋಟ. ನಮ್ಮನೆಯಲ್ಲಿ ದಿನ ನಡೆಯುವುದೂ ಹಾಗೇ, ಒಂದು ಜಾಗದಿಂದ ಇನ್ನೊಂದಕ್ಕೆ.

ಜಗಲಿಯ ಪುಟದಲ್ಲಿ ಅಡಿಕೆ ಮಾರಿದ ಒಂದು ಹಳೇ ಪಟ್ಟಿ. ರಾಶಿ, ಬೆಟ್ಟೆ, ಗೊರಬಲು ಅಂತ ಅಡಿಕೆಯ ಒಂದೊಂದು ತರಕ್ಕೂ ಬೇರೆ ಬೇರೆ ತೂಕ. ಅದರ ಹಿಂದೆ ಪೆನ್ಸಿಲಿನಲ್ಲಿ ಅಪ್ಪಯ್ಯ ಖರ್ಚು ಹಂಚಿದ್ದಾರೆ: ಫೀಸು, ಗೊಬ್ಬರ, ಹೆಂಚು. ಅದಕ್ಕೇ ಪಟ್ಟಿಯನ್ನು ಒಂದು ಅಂಚಿಗೆ ಮಾತ್ರ ಅಂಟಿಸಿದೆ, ತಿರುಗಿಸಿ ಓದಲಿ ಅಂತ. ಅತ್ತೆ ಮುಂಬೈಯಿಂದ ಬರೆಯುತ್ತಿದ್ದ ಇನ್‌ಲ್ಯಾಂಡ್ ಪತ್ರಗಳಿಗೂ ಲಕೋಟೆ ಮಾಡಿದೆ. ಮಡಿಕೆಯಲ್ಲಿ ಹರಿದ ಕಡೆ ಯಾರೋ ಸೆಲ್ಲೋಟೇಪ್ ಹಾಕಿದ್ದರು. ಟೇಪು ಉದುರಿ ಕಂದು ಗೆರೆ ಉಳಿದಿದೆ, ಅದರ ಕೆಳಗಿನ ಅಕ್ಷರವೂ ಹೋಗಿದೆ. ದಯವಿಟ್ಟು ಹಳೇ ಕಾಗದಕ್ಕೆ ಸೆಲ್ಲೋಟೇಪ್ ಹಾಕಬೇಡಿ.

ಅಡುಗೆಮನೆಗೆ ಆರು ಹಾಳೆ ಹೋದವು. ನನಗೆ ಜಾಸ್ತಿ ಪ್ರೀತಿಯ ಪುಟ ಅಲ್ಲಿದೆ. ಅಮ್ಮನ ಸಾಮಾನಿನ ಚೀಟಿ. ಕ್ಯಾಲೆಂಡರಿನ ಹಾಳೆಯ ಹಿಂದೆ ಬರೆದದ್ದು. 'ಹೆಸರುಬೇಳೆ 1. ಬೆಲ್ಲ 2. ಜೀರಿಗೆ ಸ್ವಲ್ಪ. ಸೋಪು. ಮಗಳು ಬರುತ್ತಾಳೆ ರವೆ.' ಬೇರೆ ಎಲ್ಲದಕ್ಕೂ ಚುಕ್ಕಿ ಇದೆ, ಕೊನೆಯ ಎರಡು ಮಾತಿನ ನಡುವೆ ಏನೂ ಇಲ್ಲ. ಮಗಳು ಬರುತ್ತಾಳೆ, ರವೆ ಬೇಕು. ನಾನು ಬಂದ ದಿನಗಳ ಸಜ್ಜಿಗೆ ಎಲ್ಲ ಆ ಒಂದು ಸಾಲಿನಲ್ಲಿದೆ.

ಅದರ ಎದುರು ಪುಟದಲ್ಲಿ ಒಂದೆಲಗದ ತಂಬುಳಿ, ಅವಳು ಹೇಳಿದ ಹಾಗೇ: "ಒಂದು ಮುಷ್ಟಿ ಒಂದೆಲಗ. ತುಪ್ಪದಲ್ಲಿ ಜೀರಿಗೆ, ನಾಲ್ಕು ಕಾಳುಮೆಣಸು ಹುರ್ಕೋ. ಕಾಯಿತುರಿ ಹಾಕಿ ಬೀಸು. ಮಜ್ಜಿಗೆಗೆ ಹಾಕು. ಕುದಿಸೋದಲ್ಲ ಮತ್ತೆ." ಆ 'ಮತ್ತೆ'ಯನ್ನು ತೆಗೆಯಲಿಲ್ಲ. ಮಾತನ್ನು ತಿದ್ದಿ ಬರೆದರೆ ಅಡುಗೆ ಪುಸ್ತಕ ಆಗುತ್ತದೆ, ಅಮ್ಮ ಇರುವುದಿಲ್ಲ.

ಫೋಟೊ ಇಲ್ಲದ ಜಾಗಗಳಿಗೆ ಈಗ ಫೋಟೊ ತೆಗೆದೆ. ಹಂಡೆಯ ಕೆಳಗಿನ ಬೆಂಕಿ, ಮಸಿ ಹಿಡಿದ ಗೋಡೆ, ಒಣಗಲು ಹಾಕಿದ ಕಂಬಳಿಕೊಪ್ಪೆ. ಅಮ್ಮ ಮೊದಲು, "ಎಂತಕೆ ಮಾರಾಯ್ತಿ ಈ ಬಚ್ಚಲದ್ದೆಲ್ಲ? ಯಾರಾದ್ರೂ ನೋಡಿದ್ರೆ ಎಂತ ಹೇಳ್ತಾರೆ?" ಅಂದಳು. ಸೀರೆ ಬದಲಿಸಿ ಬರುತ್ತೇನೆ ಅಂತಲೂ ಹೊರಟಳು. ಬೇಡ ಅಂತ ಕೂರಿಸಿ ತೆಗೆದೆ.

ಬರೆಯುವ ಪೆನ್ನಿಗೆ ಒಂದು ಪರೀಕ್ಷೆ ಮಾಡಿ. ಚೂರು ಕಾಗದದಲ್ಲಿ ಬರೆದು ಒಂದು ದಿನ ಬಿಟ್ಟು ಮೇಲೊಂದು ಹನಿ ನೀರು ಹಾಕಿ. ನನ್ನ ಹತ್ತಿರವಿದ್ದ ಐದು ಪೆನ್ನಿನಲ್ಲಿ ಮೂರು ಹರಡಿದವು. ಹರಡದ ಪಿಗ್ಮೆಂಟ್ ಇಂಕಿನ ಪೆನ್ನು, ಮತ್ತೆ ಮೆತ್ತನೆ ಪೆನ್ಸಿಲು, ಎರಡರಲ್ಲೇ ಪೂರ್ತಿ ಬರೆದೆ.

ರಟ್ಟು ಬಾಗಿತು

ಹೊದಿಕೆಗೆ 3 ಮಿಲಿಮೀಟರ್ ಬೈಂಡಿಂಗ್ ರಟ್ಟು. ಮೇಲೆ ಹೆಗ್ಗೋಡಿನ 'ಚರಕ' ಅನ್ನುವ ಮಹಿಳೆಯರ ಸಹಕಾರ ಸಂಘದಿಂದ ತಂದ ಕೈಮಗ್ಗದ ಬಟ್ಟೆ, ಅಡಿಕೆ ಬೇಯಿಸಿದಾಗ ಉಳಿಯುವ ಚೊಗರಿನ ಕೆಂಗಂದು ಬಣ್ಣದ್ದು. ತೋಟದ ಮನೆಯ ಪುಸ್ತಕಕ್ಕೆ ಅದಕ್ಕಿಂತ ಒಪ್ಪುವ ಬಣ್ಣ ನನಗೆ ತೋಚಲಿಲ್ಲ.

ಬಟ್ಟೆ ಅಂಟಿಸಿ ರಾತ್ರಿ ಬಿಟ್ಟೆ. ಬೆಳಿಗ್ಗೆ ನೋಡಿದರೆ ರಟ್ಟು ದೋಣಿಯ ಹಾಗೆ ಬಾಗಿದೆ. ಎರಡು ತಪ್ಪು. ಅಂಟಿನ ನೀರು ಕುಡಿದು ಹಿಗ್ಗಿದ ಬಟ್ಟೆ, ಒಣಗುವಾಗ ಕುಗ್ಗಿ ರಟ್ಟನ್ನು ತನ್ನ ಕಡೆ ಎಳೆಯುತ್ತದೆ. ಒಳಬದಿಯಲ್ಲೂ ಕಾಗದ ಅಂಟಿಸಿದ್ದರೆ ಅದು ಈ ಕಡೆ ಎಳೆದು ಸಮ ಆಗುತ್ತಿತ್ತು. ಇನ್ನೊಂದು, ರಟ್ಟಿಗೂ ಎಳೆ ಇರುತ್ತದೆ. ಎರಡೂ ಕಡೆಗೆ ಬಗ್ಗಿಸಿ ನೋಡಿದರೆ ಒಂದು ಕಡೆ ಸಲೀಸಾಗಿ ಬಗ್ಗುತ್ತದೆ. ಆ ಬಾಗಿನ ಗೆರೆ ಪುಸ್ತಕದ ಬೆನ್ನಿಗೆ ಸಮಾನಾಂತರವಾಗಿ ಇರಬೇಕು. ನಾನು ಅಡ್ಡ ಕತ್ತರಿಸಿದ್ದೆ.

ಎರಡನೇ ಸಲ ಎಳೆ ನೋಡಿ ಕತ್ತರಿಸಿದೆ. ಬೆನ್ನಿನ ಕಡೆ ಒಂದೂಕಾಲು ಇಂಚಿನ ಪಟ್ಟಿಯನ್ನು ಬೇರೆ ಮಾಡಿ, ಕಾಲಿಂಚು ಜಾಗ ಬಿಟ್ಟು, ಎರಡನ್ನೂ ಅಪ್ಪಯ್ಯನ ಹಳೇ ಪಂಚೆಯ ತುಂಡಿನಿಂದ ಜೋಡಿಸಿದೆ. ಮುಚ್ಚಳ ಮಡಿಚುವುದು ಅಲ್ಲೇ. ತೊಳೆದು ತೊಳೆದು ಮೆತ್ತಗಾದ ಪಂಚೆ ಅಂಟನ್ನು ಚೆನ್ನಾಗಿ ಕುಡಿಯುತ್ತದೆ, ಮಡಿಚಿದರೆ ಬಿರಿಯುವುದಿಲ್ಲ. ಹೊರಗೆ ಬಟ್ಟೆ, ಒಳಗೆ ಕೈಕಾಗದ, ಎರಡನ್ನೂ ಒಂದೇ ದಿನ ಅಂಟಿಸಿ, ಎರಡು ಹಲಗೆಯ ನಡುವೆ ಇಟ್ಟು ಮೇಲೆ ಬೀಸುವ ಕಲ್ಲು ಹೇರಿದೆ. ಹೊರಗೆ ಮಳೆ ಬಿಟ್ಟಿರಲಿಲ್ಲ. ಒಲೆಯ ಶಾಖ ಬರುವ ಕಡೆ ನಾಲ್ಕು ದಿನ ಬಿಟ್ಟೆ. ಚಪ್ಪಟೆಯಾಗಿ ಬಂತು.

ಹೊಲಿಗೆ

ಬೆನ್ನಿನಿಂದ ಅರ್ಧ ಇಂಚು ಒಳಗೆ ಐದು ತೂತು. ಮೇಲಿನಿಂದ ಒಂದು ಇಂಚಿಗೆ ಮೊದಲನೆಯದು, ಅಲ್ಲಿಂದ ಎರಡೂಕಾಲು ಇಂಚಿಗೊಂದು. ದಬ್ಬಣದಲ್ಲಿ ಇಷ್ಟು ದಪ್ಪ ಚುಚ್ಚಲು ಆಗಲಿಲ್ಲ. ಅಣ್ಣ ಡ್ರಿಲ್ ಮೆಷಿನ್ ತಂದು, ಹಲಗೆಯ ನಡುವೆ ಬಿಗಿದು, ತೂತು ಮಾಡಿಕೊಟ್ಟ. ಹತ್ತಿ ದಾರ ನಾಲ್ಕು ಎಳೆ ಹೊಸೆದು ಜೇನುಮೇಣ ಉಜ್ಜಿದೆ. ಪುಸ್ತಕದ ಎತ್ತರದ ಆರು ಪಟ್ಟು ಉದ್ದ ಬೇಕು, ಐದೂವರೆ ಅಡಿ. ಪ್ರತಿ ತೂತಿನಲ್ಲೂ ಬೆನ್ನನ್ನು ಒಂದು ಸುತ್ತು ಸುತ್ತಿ ಮುಂದೆ ಹೋಗಿ, ಅದೇ ದಾರಿಯಲ್ಲಿ ವಾಪಸ್ ಬಂದು, ಬಿಟ್ಟ ಸಂದಿಗಳನ್ನು ತುಂಬಿ, ಶುರು ಮಾಡಿದಲ್ಲೇ ಗಂಟು. ಈ ಹೊಲಿಗೆಯಲ್ಲಿ ನನಗೆ ಇಷ್ಟವಾದದ್ದು, ಗಂಟು ಬಿಚ್ಚಿದರೆ ಪುಸ್ತಕ ಬಿಚ್ಚಿಕೊಳ್ಳುತ್ತದೆ. ಹಾಳೆ ಸೇರಿಸಿ ಮತ್ತೆ ಹೊಲಿಯಬಹುದು.

ಸೆಪ್ಟೆಂಬರ್ ಕೊನೆ

ಪುಸ್ತಕ ಈಗ ನಡುಮನೆಯ ಕಬ್ಬಿಣದ ಬೀರುವಿನಲ್ಲಿದೆ, ಹತ್ತಿ ಬಟ್ಟೆ ಸುತ್ತಿ. ನುಸಿಗುಳಿಗೆ ಇಟ್ಟಿಲ್ಲ, ಅದರ ಹಬೆ ಫೋಟೊಗೆ ಒಳ್ಳೆಯದಲ್ಲ. ವಾರಕ್ಕೊಮ್ಮೆ ತೆಗೆದು ಪುಟ ಬಿಡಿಸಿ ಗಾಳಿಗೆ ಇಡುತ್ತೇವೆ, ಬಿಸಿಲಿಗಲ್ಲ. ಬೂಷ್ಟು ಇನ್ನೂ ಬಂದಿಲ್ಲ. ಒಂದು ಕೊಟ್ಟಿಗೆ ಪುಟದಲ್ಲಿ ಮೂಲೆಯೊಂದು ಕಳಚಿತ್ತು, ಮತ್ತೆ ಅಂಟಿಸಿದೆ. ಎರಡನೇ ತೂತಿನ ಹತ್ತಿರ ದಾರ ಸ್ವಲ್ಪ ಸಡಿಲ ಇದೆ, ಅಲ್ಲಿ ನಾನು ಸರಿಯಾಗಿ ಬಿಗಿಯಲಿಲ್ಲ.

ತೋಟದ ಪುಟಗಳು ಮೂರೇ ಆಗಿವೆ. ಕೊಯ್ಲು ಬಂದಾಗ ಅಂಗಳದಲ್ಲಿ ರಾತ್ರಿ ಕೂತು ಅಡಿಕೆ ಸುಲಿಯುತ್ತಾರಲ್ಲ, ಆ ಫೋಟೊ ಬೇಕು. ಸುಲಿಯುವವರು ಆಡುವ ಮಾತೂ ಬೇಕು. ದೀಪಾವಳಿ ಕಳೆದ ಮೇಲೆ ಗಂಟು ಬಿಚ್ಚಿ, ಆ ಹಾಳೆಗಳನ್ನು ಸೇರಿಸಿ, ದಾರ ಬಿಗಿ ಮಾಡಿ ಹೊಲಿಯುತ್ತೇನೆ. ಅದಕ್ಕೆ ಅಂತ ಇನ್ನೆರಡು ದೊಡ್ಡ ಹಾಳೆ ತರಿಸಿಟ್ಟಿದ್ದೇನೆ. ಮೂಲೆಗಳನ್ನು ಅಮ್ಮ ಈಗಲೇ ಮಡಿಚಲು ಶುರು ಮಾಡಿದ್ದಾಳೆ, ಒಂದು ಬಿಸ್ಕೆಟ್ ಡಬ್ಬಿ ತುಂಬಿದೆ.